ಕೈ ಬದಲಾದರೆ ಕರ್ಣನೂ ಬದಲಾಗುತ್ತಾನೆ

ಮಕ್ಕಳ ಕಾಮಿಕ್ಸ್ ಸರಣಿ ಅಮರ ಚಿತ್ರಕಥೆಯ ‘ಕರ್ಣ’, ‘ದ್ರೋಣ’, ‘ಅಭಿಮನ್ಯು’, ‘ಘಟೋತ್ಕಚ’, ಜೊತೆಗೆ ಆಮೇಲೆ ಬಂದ ದೊಡ್ಡ ‘ಮಹಾಭಾರತ’ದ ಒಂದೆರಡು ಸಂಪುಟ. ಇಷ್ಟನ್ನೂ ಜಗುಲಿಯ ಮೇಲೆ ಸಾಲಾಗಿ ಹರಡಿ, ಕರ್ಣನನ್ನು ಮಾತ್ರ ಹುಡುಕುತ್ತಾ ಹೋಗಿ. ಮುಖಕ್ಕೆ ಮುಖ ತಾಳೆಯಾಗುವುದಿಲ್ಲ. ಕಿರೀಟ ಬೇರೆ, ಕವಚ ಬೇರೆ, ನಿಲ್ಲುವ ಗತ್ತು ಬೇರೆ. ವಯಸ್ಸು ಕೂಡ ಹಿಂದುಮುಂದಾಗುತ್ತದೆ.

ಇದನ್ನು ಕಂಡು ‘ಇಷ್ಟು ಅಸಡ್ಡೆಯೇ’ ಎಂದು ಪುಸ್ತಕ ಮುಚ್ಚುವವರಿದ್ದಾರೆ. ಆದರೆ ಮಳೆಗಾಲದಲ್ಲಿ ರಾತ್ರಿಯಿಡೀ ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದ ಮಾತಿನ ಯಕ್ಷಗಾನ, ಕೇಳುವ ನಮ್ಮ ಉತ್ತರ ಕನ್ನಡದ ಕಡೆಯವರಿಗೆ ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ‘ಕರ್ಣಭೇದನ’ ಒಂದೇ ಪ್ರಸಂಗ, ಪದ್ಯಗಳೂ ಅವೇ. ಪಾತ್ರದ ಮಾತಾಡುವ ಅರ್ಥಧಾರಿ ಬದಲಾದ ಕೂಡಲೇ ಕರ್ಣ ಬದಲಾಗುತ್ತಾನೆ. ಒಬ್ಬರ ಕರ್ಣ ಕೃಷ್ಣನ ಮಾತಿಗೆ ಕರಗಿ ನೀರಾಗುತ್ತಾನೆ, ಇನ್ನೊಬ್ಬರ ಕರ್ಣ ಕೊನೆಯ ಪದ್ಯದವರೆಗೂ ವಾದಕ್ಕೆ ನಿಲ್ಲುತ್ತಾನೆ. ಅದಕ್ಕೇ ಹೊನ್ನಾವರ, ಸಿದ್ದಾಪುರದ ಕೇಳುಗರು ಪ್ರಸಂಗದ ಹೆಸರು ತಿಳಿದ ಮೇಲೂ ‘ಕರ್ಣ ಯಾರದ್ದು?’ ಎಂದು ಕೇಳುತ್ತಾರೆ. ಅಮರ ಚಿತ್ರಕಥೆಯನ್ನೂ ಹೀಗೇ ಓದಬೇಕು ಎನ್ನುವುದು ನನ್ನ ವಾದ. ಯಾವ ಸಂಚಿಕೆ ಎಂದು ಕೇಳುವ ಮೊದಲು ಯಾರ ಕೈ ಎಂದು ಕೇಳಿ. ಆಗ ಈ ಸರಣಿಯ ಏರುಪೇರು ಅರ್ಥವಾಗುತ್ತದೆ, ಪ್ರೀತಿಯೂ ಕುರುಡಾಗಿ ಉಳಿಯುವುದಿಲ್ಲ.

ಏರುಪೇರು ಹುಟ್ಟಿನಿಂದಲೇ ಇದೆ. ಸರಣಿಗೆ ಹುಟ್ಟಿನ ಕಥೆಗಳೇ ಎರಡು. ಎಲ್ಲರೂ ಹೇಳುವುದು ದೆಹಲಿಯದು: 1967ರಲ್ಲಿ ಟೀವಿಯ ರಸಪ್ರಶ್ನೆಯಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟು ರಾಮನ ತಾಯಿಯ ಹೆಸರಿಗೆ ತಡವರಿಸಿದ್ದನ್ನು ಕಾರ್ಕಳದಲ್ಲಿ ಹುಟ್ಟಿದ, ಮುಂದೆ ಸರಣಿಯ ಸಂಪಾದಕರಾದ ಅನಂತ ಪೈ ನೋಡಿದರು, ಅಲ್ಲಿಂದ ಆಲೋಚನೆ ಮೊಳೆಯಿತು ಎಂಬುದು. ಇನ್ನೊಂದು ಬೆಂಗಳೂರಿನದು, ಕನ್ನಡಿಗರು ಹೆಚ್ಚು ಹೇಳಿಕೊಳ್ಳಬೇಕಾದದ್ದು: 1965ರಲ್ಲಿ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಲ್ಲಿ ಇದೇ ಹೆಸರಿನಲ್ಲಿ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಅವುಗಳಲ್ಲಿ ಇದ್ದದ್ದು ಸಿಂಡ್ರೆಲಾ, ಸ್ನೋ ವೈಟ್ ಮುಂತಾದ ಪರದೇಶದ ಕಥೆಗಳು. ಇಂಗ್ಲಿಷ್ ಸರಣಿಯ ಮೊದಲ ಪುರಾಣ ಸಂಚಿಕೆ ‘ಕೃಷ್ಣ’ದ ಸಂಖ್ಯೆ 1 ಆಗಿರದೆ 11 ಆಗಿರುವುದು ಈ ಕಾರಣಕ್ಕೆ. 12 ಶಕುಂತಲಾ, 14 ಸಾವಿತ್ರಿ, 15 ರಾಮ, 19 ಹನುಮಾನ್, 26 ಕರ್ಣ, ಹೀಗೆ ಸಾಗುತ್ತದೆ. ಮುಂದೆ ಮರುಮುದ್ರಣದಲ್ಲಿ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟರು, ಅದೇ ‘ಕೃಷ್ಣ’ 501 ಆಯಿತು. ಇದು ಗೊತ್ತಿಲ್ಲದೆ ಹಳೆಯ ಪಟ್ಟಿ ಹಿಡಿದು ಹುಡುಕಿದರೆ ಒಂದೇ ಪುಸ್ತಕಕ್ಕೆ ಎರಡು ಸಲ ದುಡ್ಡು ಕೊಡುತ್ತೀರಿ. ಸಂಗ್ರಹದ ಪಟ್ಟಿ ಬರೆಯುವವರು ಶೀರ್ಷಿಕೆ, ಚಿತ್ರಕಾರ, ಮುದ್ರಣದ ವರ್ಷ ಈ ಮೂರನ್ನು ಮೊದಲು ಬರೆದು ಸಂಖ್ಯೆಯನ್ನು ಕೊನೆಯ ಕಾಲಮ್ಮಿಗೆ ಹಾಕಿ.

ಈಗ ಕೈಗಳ ವಿಷಯ. ಒಳಹೊದಿಕೆಯಲ್ಲೋ ಮೊದಲ ಪುಟದಲ್ಲೋ ಬರೆದವರ, ಚಿತ್ರಿಸಿದವರ ಹೆಸರು ಇರುತ್ತದೆ. ಓದುವ ಮೊದಲು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊದಿಕೆಯ ಚಿತ್ರವನ್ನು ನಂಬಬೇಡಿ, ಹೊದಿಕೆ ಒಬ್ಬರದು, ಒಳಗಿನದು ಇನ್ನೊಬ್ಬರದು ಆಗಿರುವುದುಂಟು.

ರಾಮ್ ವೈರ್ಕರ್ ‘ಕೃಷ್ಣ’ ಮತ್ತು ‘ಹನುಮಾನ್’ ಚಿತ್ರಿಸಿದವರು. ಇದೇ ಕೈ ಮುಂದೆ ಮಕ್ಕಳ ಪತ್ರಿಕೆ ಟಿಂಕಲ್‌ನಲ್ಲಿ ಪೆದ್ದ ಸುಪ್ಪಾಂಡಿಯನ್ನೂ ಚಿತ್ರಿಸಿತು. ಇದು ತಿಳಿದ ಮೇಲೆ ‘ಹನುಮಾನ್’ ಪುಟಗಳನ್ನು ಇನ್ನೊಮ್ಮೆ ತಿರುವಿ. ಮುಖ್ಯ ಪಾತ್ರವನ್ನು ಬಿಟ್ಟು ಹಿಂದೆ ನಿಂತ ಕಪಿಗಳ ಹುಬ್ಬು, ಬಾಯಿ, ಬಾಗಿದ ಬೆನ್ನು ನೋಡಿ. ನಗಿಸುವ ಗೆರೆ ಅಲ್ಲೇ ಅಡಗಿದೆ. ವೈರ್ಕರ್ ಅವರ ದೇವರು ಗಂಭೀರ, ಪರಿವಾರ ಮಾತ್ರ ತುಂಟ. ನಮ್ಮ ಯಕ್ಷಗಾನ ಮೇಳಗಳಲ್ಲಿ ರಾಜನ ಪಕ್ಕ ಹಾಸ್ಯಗಾರ ನಿಂತ ಹಾಗೆ.

ಪ್ರತಾಪ್ ಮುಳಿಕ್ ಅವರದು ಬೇರೆ ಮೈಕಟ್ಟು. ‘ರಾಮ’ ಅವರದ್ದು. ತೋಳು, ಎದೆ, ಬಿಲ್ಲು ಹಿಡಿದ ಮಣಿಕಟ್ಟು ಎಲ್ಲವೂ ತುಂಬಿಕೊಂಡಿರುತ್ತವೆ. ಮುಂದೆ ಅವರು ನಾಗರಾಜ್ ಎಂಬ ಹಿಂದಿ ಕಾಮಿಕ್ಸಿನ ಸೂಪರ್‌ಹೀರೋನನ್ನೂ ಚಿತ್ರಿಸಿದರು, ಆ ಕಸುವು ಇಲ್ಲೇ ಕಾಣುತ್ತದೆ. ‘ಮೀರಾಬಾಯಿ’ ಚಿತ್ರಿಸಿದ ಯೂಸುಫ್ ಲಿಯೆನ್ ಅವರ ರೇಖೆ ಇವೆರಡಕ್ಕೂ ದೂರ: ತೆಳು, ಅಲಂಕಾರದ್ದು, ರಾಜಸ್ಥಾನದ ಹಳೆಯ ಚಿಕಣಿ ವರ್ಣಚಿತ್ರಗಳನ್ನು ನೆನಪಿಸುವಂಥದ್ದು. ಇಡೀ ಸರಣಿಯಲ್ಲಿ ಚಿತ್ರಕ್ಕಾಗಿಯೇ ಒಂದು ಸಂಚಿಕೆ ಕೊಳ್ಳಬೇಕೆಂದರೆ ನಾನು ‘ಮೀರಾಬಾಯಿ’ ಎನ್ನುತ್ತೇನೆ.

ದೊಡ್ಡ ‘ಮಹಾಭಾರತ’ 1985ರಿಂದ 1989ರವರೆಗೆ 42 ಸಂಪುಟಗಳಲ್ಲಿ ಬಂತು. ಚಿತ್ರ ಬಹುಪಾಲು ದಿಲೀಪ್ ಕದಂ ಅವರದು. ಇಲ್ಲಿ ಕೈ ಒಂದೇ ಆದ್ದರಿಂದ ಕರ್ಣನ ಮುಖ ಕೊನೆಯವರೆಗೂ ಉಳಿಯುತ್ತದೆ, ಯುದ್ಧದ ಗುಂಪಿನಲ್ಲೂ ಗುರುತು ಸಿಗುತ್ತದೆ. ಒಟ್ಟಂದ ಬೇಕಾದವರು ಇದನ್ನೇ ಓದಬೇಕು. ಆದರೂ ಹಳೆಯ ‘ಕರ್ಣ’ 32 ಪುಟದಲ್ಲಿ ಕೊಡುವ ಪೆಟ್ಟು ಇಲ್ಲಿ ಸಂಪುಟಗಳ ನಡುವೆ ಹಂಚಿಹೋಗಿದೆ. ಬನವಾಸಿಯನ್ನು ನೆನೆದ ಪಂಪನ ನಾಡಿನಲ್ಲಿ ಕರ್ಣನ ಬಗ್ಗೆ ಎಲ್ಲರಿಗೂ ಒಂದು ಪಕ್ಷಪಾತ ಇದ್ದೇ ಇರುತ್ತದೆ. ಹಾಗಾಗಿ ಎರಡನ್ನೂ ಇಟ್ಟುಕೊಳ್ಳಿ ಎನ್ನುತ್ತೇನೆ.

32 ಪುಟ ಎಂದೆ. ಸರಣಿಯ ಹೆಚ್ಚಿನ ದೋಷಗಳ ಬೇರು ಇಲ್ಲಿದೆ. ಪುಟಕ್ಕೆ ಐದಾರು ಚಿತ್ರದ ಚೌಕ ಹಿಡಿದರೆ ಒಂದು ಸಂಚಿಕೆಗೆ ಸಿಗುವುದು ಸುಮಾರು 160ರಿಂದ 190 ಚೌಕ. ಸಾವಿತ್ರಿ, ನಳ ದಮಯಂತಿ, ಕಚ ದೇವಯಾನಿ, ಜಾತಕದ ಮತ್ತು ಪಂಚತಂತ್ರದ ಕಥೆಗಳಿಗೆ ಈ ಅಳತೆ ಹೇಳಿ ಮಾಡಿಸಿದಂತಿದೆ: ಒಂದು ಎಳೆ, ಒಂದು ಕಗ್ಗಂಟು, ಒಂದು ಬಿಡುಗಡೆ. ಅಶೋಕನ, ಶಿವಾಜಿಯ ಇಡೀ ಬದುಕನ್ನು ಅದೇ ಅಳತೆಗೆ ತುಂಬಿದಾಗ ಹೊಲಿಗೆ ಬಿಡುತ್ತದೆ. ಬಾಲ್ಯಕ್ಕೆ ಎಂಟು ಹತ್ತು ಪುಟ ಹೋಗಿರುತ್ತದೆ, ಏಕೆಂದರೆ ಓದುವವರು ಮಕ್ಕಳು. ನಡುವಯಸ್ಸಿಗೆ ಬರುವಾಗ ಪುಟ ಮುಗಿಯುತ್ತಾ ಬಂದಿರುತ್ತದೆ. ಕೊನೆಯ ಮೂರು ಪುಟಗಳಲ್ಲಿ ಚಿತ್ರದ ಮೇಲಿನ ಹಳದಿ ಪಟ್ಟಿಯಲ್ಲಿ ಬರುವ ನಿರೂಪಣೆ ಉದ್ದವಾಗುತ್ತದೆ, ಮಾತಿನ ಗುಳ್ಳೆಗಳು ಕಡಿಮೆಯಾಗುತ್ತವೆ, ಒಂದೊಂದು ಚೌಕಕ್ಕೆ ಹತ್ತು ವರ್ಷ ಉರುಳುತ್ತದೆ. ಯಾವ ಸಂಚಿಕೆ ಸೊರಗಿದೆ ಎಂದು ತಿಳಿಯಲು ಸುಲಭದ ದಾರಿ ಇದೇ: ಕೊನೆಯ ಮೂರು ಪುಟ ತೆರೆದು ನಿರೂಪಣೆಯ ಪಟ್ಟಿ ಎಷ್ಟು, ಮಾತು ಎಷ್ಟು ಎಂದು ಎಣಿಸಿ. ಪಟ್ಟಿಯೇ ಹೆಚ್ಚಾಗಿದ್ದರೆ ಬರೆದವರಿಗೆ ಜಾಗ ಸಾಲಲಿಲ್ಲ ಎಂದರ್ಥ. ಹೊಸಬರು ಶುರುಮಾಡುವುದಾದರೆ ಒಂದೇ ಎಳೆಯ ಕಥೆಗಳಿಂದ ಶುರುಮಾಡಲಿ, ಜೀವನಚರಿತ್ರೆಗಳು ಆಮೇಲೆ.

ಮೊದಮೊದಲ ಮುದ್ರಣಗಳಲ್ಲಿ ಬಣ್ಣವೂ ಪೂರ್ತಿ ಇರಲಿಲ್ಲ. ಖರ್ಚು ತಗ್ಗಿಸಲು ಹಳದಿ, ನೀಲಿ, ಹಸಿರು ಇಷ್ಟರಲ್ಲೇ ಮುಗಿಸುತ್ತಿದ್ದರು, ಪೂರ್ಣ ವರ್ಣ ನಂತರ ಬಂದದ್ದು. ಹಳೆಯ ಪ್ರತಿಯಲ್ಲಿ ಕಾಡು, ಕೋಟೆ, ಮನುಷ್ಯ ಎಲ್ಲವೂ ಹಸಿರುಗಟ್ಟಿದ್ದರೆ ಅದು ಮಾಸಿದ್ದಲ್ಲ, ಇದ್ದದ್ದೇ ಹಾಗೆ. ‘ಕೃಷ್ಣ’ದ ವಿಷಯದಲ್ಲಿ ಆವೃತ್ತಿಯ ವ್ಯತ್ಯಾಸ ಕಥೆಗೂ ತಟ್ಟಿದೆ. ಆರಂಭದಲ್ಲಿ ಪವಾಡಗಳನ್ನು ತೋರಿಸಲು ಅನಂತ ಪೈ ಹಿಂಜರಿದಿದ್ದರು. ಮುಂದಿನ ಪರಿಷ್ಕೃತ ಆವೃತ್ತಿಯಲ್ಲಿ ಗೋವರ್ಧನ ಎತ್ತುವ ಸಂದರ್ಭಕ್ಕೆ ತಕ್ಕ ಜಾಗ ಸಿಕ್ಕಿತು. ಎರಡೂ ಪ್ರತಿ ಸಿಕ್ಕರೆ ಬಿಡಬೇಡಿ. ಒಬ್ಬ ಸಂಪಾದಕ ತನ್ನ ಓದುಗರ ಭಕ್ತಿಗೆ ಮಣಿದದ್ದು ಅಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣಸಿಗದು.

ಕನ್ನಡ ಪ್ರತಿಗಳನ್ನು ಓದುವವರು ಇನ್ನೊಂದು ಪದರವನ್ನೂ ಗಮನಿಸಬೇಕು. ಚಿತ್ರದ ಮೇಲೆ ಮಾತಿನ ಗುಳ್ಳೆಗೆ ಜಾಗ ಬಿಟ್ಟದ್ದು ಇಂಗ್ಲಿಷಿನ ದೊಡ್ಡಕ್ಷರಗಳ ಅಳತೆಗೆ. ಆ ಅಕ್ಷರಗಳೆಲ್ಲ ಒಂದೇ ಎತ್ತರ, ಸಾಲಿನ ಮೇಲೆ ಸಾಲನ್ನು ಒತ್ತಾಗಿ ಪೇರಿಸಬಹುದು. ಕನ್ನಡಕ್ಕೆ ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ‘ಧೃಷ್ಟದ್ಯುಮ್ನ’ ಎಂದು ಬರೆದು ನೋಡಿ. ಇಂಗ್ಲಿಷಿನಲ್ಲಿ 14 ಅಕ್ಷರ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕನ್ನಡದಲ್ಲಿ ನಾಲ್ಕೇ, ಆದರೆ ನಾಲ್ಕಕ್ಕೂ ಸಾಲಿನ ಕೆಳಗೆ ಏನಾದರೊಂದು ನೇತಾಡುತ್ತದೆ: ವಟ್ರಸುಳಿ, ಟಕಾರದ ಒತ್ತು, ಯಕಾರದ ಒತ್ತು, ನಕಾರದ ಒತ್ತು. ಅಗಲ ಉಳಿಯಿತು, ಎತ್ತರ ಸಾಲದು. ಆಗ ಅಕ್ಷರ ಚಿಕ್ಕದು ಮಾಡಬೇಕು, ಇಲ್ಲವೇ ಮಾತು ಕತ್ತರಿಸಬೇಕು. ಕನ್ನಡ ಪ್ರತಿಯಲ್ಲಿ ಕೆಲವು ಸಂಭಾಷಣೆ ತಂತಿ ಸಂದೇಶದಂತೆ ಮೊಟಕಾಗಿ ಕೇಳುವುದಕ್ಕೆ ಅನುವಾದಕರನ್ನು ದೂರುವ ಮೊದಲು ಗುಳ್ಳೆಯ ಎತ್ತರ ನೋಡಿ.

ಇನ್ನೊಂದು ತೊಡಕು ಕ್ರಿಯಾಪದದ್ದು. ಒಂದೇ ವಾಕ್ಯವನ್ನು ಎರಡು ಚೌಕಕ್ಕೆ ಹಂಚಿದಾಗ ಇಂಗ್ಲಿಷಿನಲ್ಲಿ ‘ಕೊಲ್ಲುತ್ತೇನೆ’ ಮೊದಲ ಚೌಕದಲ್ಲಿ ಬರುತ್ತದೆ, ಚಿತ್ರದಲ್ಲೂ ಅಲ್ಲೇ ಕಣ್ಣು ಕೆಂಪಾಗಿರುತ್ತದೆ. ಕನ್ನಡದಲ್ಲಿ ಆ ಮಾತು ಕೊನೆಗೆ ಬರಬೇಕು. ಸಿಟ್ಟಿನ ಮುಖದ ಮೇಲೆ ‘ನಾಳೆ ಸೂರ್ಯ ಮುಳುಗುವ ಮೊದಲು’ ಎಂಬ ಮೆತ್ತಗಿನ ಮಾತು ಕೂರುತ್ತದೆ, ಶಾಂತವಾದ ಮುಂದಿನ ಮುಖದ ಮೇಲೆ ಪ್ರತಿಜ್ಞೆ. ಒಳ್ಳೆಯ ಅನುವಾದಕರು ವಾಕ್ಯವನ್ನು ಒಡೆದು ಎರಡು ಮಾಡುತ್ತಾರೆ. ನೀನು, ನೀವು, ತಾವು ಎಂಬ ತೀರ್ಮಾನವೂ ಅವರದೇ. ಇಂಗ್ಲಿಷ್ ಮೂಲದಲ್ಲಿ ಅದರ ಸುಳಿವೇ ಇರುವುದಿಲ್ಲ. ದುರ್ಯೋಧನನಿಗೆ ಕರ್ಣ ಏಕವಚನ ಆಡಬೇಕೋ ಬಹುವಚನವೋ ಎನ್ನುವುದು ಗೆಳೆತನದ ಅಳತೆಯನ್ನೇ ಬದಲಿಸುತ್ತದೆ. ನಮ್ಮ ಅರ್ಥಧಾರಿಗಳು ಇದಕ್ಕೆ ರಾತ್ರಿಯಿಡೀ ತಲೆ ಕೆಡಿಸಿಕೊಳ್ಳುತ್ತಾರೆ.

ಕೈ, ಪುಟ, ಗುಳ್ಳೆ ಇವುಗಳ ಲೆಕ್ಕ ಹೇಳಿ ತೀರಿಸಲಾಗದ ದೋಷಗಳೂ ಇವೆ. ಅವುಗಳ ಬಗ್ಗೆ ಅಭಿಮಾನಿಯಾದವರೇ ನೇರವಾಗಿ ಮಾತಾಡಬೇಕು. ಮೊದಲನೆಯದು ಮೈಬಣ್ಣ. ನಾಯಕ ನಾಯಕಿಯರು ಗೋಧಿಬಣ್ಣ, ರವಿವರ್ಮನ ಕ್ಯಾಲೆಂಡರಿನಿಂದ ಇಳಿದು ಬಂದವರಂತೆ. ರಾಕ್ಷಸರು ಕಂದು, ಕಪ್ಪು, ಕೋರೆಹಲ್ಲು. ‘ಆಯಿ, ರಾಕ್ಷಸ್ರೆಲ್ಲಾ ಎಂತಕ್ಕೆ ಕಪ್ಪು?’ ಎಂದು ಮಗು ಕೇಳಿದರೆ ‘ಅವರು ಕೆಟ್ಟವರು’ ಎಂಬ ಉತ್ತರ ಕೊಡಬೇಡಿ. ಅದು ಪುಸ್ತಕಕ್ಕಿಂತ ದೊಡ್ಡ ತಪ್ಪು. ಚಿತ್ರಕಾರರ ಮತ್ತು ಆ ಕಾಲದ ಕಣ್ಣು ಹಾಗಿತ್ತು ಎಂದು ಹೇಳಿ, ಆಮೇಲೆ ಮಗುವನ್ನು ಬಯಲಾಟಕ್ಕೆ ಕರೆದುಕೊಂಡು ಹೋಗಿ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಖಳನಿಗೂ ಒಡ್ಡೋಲಗದ, ಅಂದರೆ ವೈಭವದ ರಂಗಪ್ರವೇಶದ, ಮರ್ಯಾದೆ ಇದೆ, ಕುಣಿತವಿದೆ, ತನ್ನ ಪಕ್ಷ ಹೇಳಿಕೊಳ್ಳಲು ಮಾತಿದೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲೆಂದೇ ಜನ ಹೊತ್ತು ಹೋಗುವುದನ್ನೂ ಮರೆತು ಕೂರುತ್ತಿದ್ದರು. ಗೋಕರ್ಣದ ಕಥೆಯಲ್ಲೂ ರಾವಣ ತಾಯಿಗಾಗಿ ಆತ್ಮಲಿಂಗ ತರಲು ಹೋದವನು. ಸರಣಿಯಲ್ಲೇ ರಾವಣನನ್ನು ನಡುವೆ ನಿಲ್ಲಿಸಿದ ‘ಲಂಕೆಯ ಒಡೆಯ’ನ ಸಂಚಿಕೆ ಇದೆ. ‘ರಾಮ’ದ ಜೊತೆಗೆ ಅದನ್ನೂ ಓದಿಸಿ.

ಎರಡನೆಯದು ಹೆಂಗಸರ ಚಿತ್ರಣ. ‘ಪದ್ಮಿನಿ’ಯಲ್ಲಿ ಬೆಂಕಿಗೆ ಹಾರುವುದೇ ಹಿರಿಮೆಯಾಗಿ ನಿಲ್ಲುತ್ತದೆ. ಅದನ್ನು ಏಳೆಂಟು ವರ್ಷದ ಮಗುವಿನ ಕೈಗೆ ಒಂಟಿಯಾಗಿ ಕೊಡುವುದು ಸರಿಯಲ್ಲ ಎಂದೇ ನನ್ನ ನಿಲುವು. ‘ಚಾಂದ್ ಬೀಬಿ’, ‘ಝಾನ್ಸಿಯ ರಾಣಿ’ ಇವುಗಳ ಜೊತೆಯಲ್ಲಿಟ್ಟು, ಪಕ್ಕದಲ್ಲಿ ಕೂತು ಓದಬೇಕು. ಮೂರನೆಯದು ಯಾರಿಗೆ ಜಾಗ ಸಿಕ್ಕಿತು ಎಂಬುದು. ರಾಜರು, ಋಷಿಗಳು, ಸಂತರು ಸಾಲುಗಟ್ಟಿದ ಸರಣಿಗೆ ಬಾಬಾಸಾಹೇಬ ಅಂಬೇಡ್ಕರ್ ಬಂದದ್ದು 1979ರಲ್ಲಿ, ಹತ್ತಿರ ಹತ್ತಿರ ಒಂದು ದಶಕ ಕಳೆದ ಮೇಲೆ. ತಡವಾಗಿಯಾದರೂ ಬಂದ ಆ ಸಂಚಿಕೆ ಇಲ್ಲದ ಸಂಗ್ರಹ ಅಪೂರ್ಣ.

ಇನ್ನು ಉಳಿಸಿಕೊಳ್ಳುವ ಬಗೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ, ಕಾಮಿಕ್ಸಿಗೆ ದೊಡ್ಡ ಶತ್ರು ಮಳೆ. ಕಾರವಾರದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇ. 85ರ ಮೇಲೇ ಇರುತ್ತದೆ. ಶೇ. 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು.

ಮೊದಲು ಹೋಗುವುದು ಪಿನ್ನು. ನಡುವೆ ಹೊಡೆದ ಎರಡು ಕಬ್ಬಿಣದ ಪಿನ್ನುಗಳು ಉಪ್ಪು ಗಾಳಿಗೆ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತವೆ, ಆಮೇಲೆ ನಡುಪುಟ ಕಳಚುತ್ತದೆ. ಹಳೆ ಪ್ರತಿ ಕೈಗೆ ಬಂದ ಕೂಡಲೇ ನಡುಪುಟ ತೆರೆದು, ಮೊಂಡಾದ ಚಪ್ಪಟೆ ಚಾಕುವಿನಿಂದ ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ, ಹೊರಬೆನ್ನಿನಿಂದ ಎತ್ತಿ ತೆಗೆಯಿರಿ. ಎಳೆಯಬೇಡಿ, ತುಕ್ಕಿಗೆ ಅಂಟಿದ ಕಾಗದ ಹರಿಯುತ್ತದೆ. ಅವೇ ನಾಲ್ಕು ತೂತುಗಳಲ್ಲಿ ಬಿಳಿ ಹತ್ತಿನೂಲಿನ ಎರಡೆಳೆ ಪೋಣಿಸಿ ಒಳಬದಿಗೆ ಗಂಟು ಹಾಕಿ. ನೂಲು ಬಿಗಿಯಾದರೆ ಹಳೆಯ ಕಾಗದ ಗರಗಸದಲ್ಲಿ ಕೊಯ್ದಂತೆ ಸೀಳುತ್ತದೆ. ಪುಟ ತಿರುವಿದಾಗ ಒಂದು ಕೂದಲೆಳೆ ಸಡಿಲ ಇರಲಿ.

ಹರಿದಲ್ಲಿ ಸೆಲ್ಲೋಟೇಪು ಹಚ್ಚಲೇಬೇಡಿ. ನಾಲ್ಕೈದು ಮಳೆಗಾಲದಲ್ಲಿ ಅದರ ಅಂಟು ಹಳದಿಯಾಗಿ ಒಸರಿ ಪಕ್ಕದ ಪುಟವನ್ನೂ ಹಿಡಿಯುತ್ತದೆ. ತೆಳು ಕಾಗದದ ಪಟ್ಟಿಯನ್ನು ತೆಳ್ಳಗಿನ ಮೈದಾ ಅಂಟಿನಲ್ಲಿ ಕೂರಿಸುವುದು ಮೇಲು. ಅಂಟು ದಪ್ಪವಾದರೆ ಜಿರಲೆಗೆ ಊಟ. ಹಳೆಯ ಬೈಂಡರುಗಳು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಕಡೆ ಮನೆಮನೆಯಲ್ಲೂ ಮೈಲುತುತ್ತ ಇರುವುದರಿಂದ ಆಸೆಯಾಗುವುದು ಸಹಜ. ಆದರೆ ಅದರಲ್ಲಿನ ತಾಮ್ರ ಕಾಗದವನ್ನು ಬೇಗ ಕಂದಾಗಿಸಿ ಪುಡಿ ಮಾಡುತ್ತದೆ, ಬೇಡ.

ಪುಸ್ತಕ ಕಟ್ಟಿಡುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ, ಮಿರ್ಗದ (ಮೃಗಶಿರಾ) ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಮಳೆಯಲ್ಲಿ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ತೇವವನ್ನೇ ಒಳಗೆ ಬೀಗ ಹಾಕಿದಂತೆ. ಟ್ರಂಕನ್ನು ಚಿರೆಕಲ್ಲಿನ ಪಡುವಣ ಗೋಡೆಗೆ ತಾಗಿಸಬೇಡಿ, ಇರಚಲು ಹೊಡೆದು ತಣ್ಣಗಾಗುವ ಗೋಡೆ ಅದೇ. ಗೋಡೆಯಿಂದ ನಾಲ್ಕು ಇಂಚು, ನೆಲದಿಂದ ಅರ್ಧ ಅಡಿ ದೂರವಿರಲಿ, ಗೆದ್ದಲಿನ ಮಣ್ಣಿನ ಗೆರೆ ಏಳುವುದೂ ಕಣ್ಣಿಗೆ ಬೀಳುತ್ತದೆ. ಮಧ್ಯಮ ಟ್ರಂಕಿಗೆ 200 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಯ ಚೀಲದಲ್ಲಿಡಿ. ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ತಾಸು ಕಾಯಿಸಿ ಮತ್ತೆ ಬಳಸಬಹುದು. ಹುಳಕ್ಕೆ ಬಜೆಯ ತುಂಡುಗಳ ಗಂಟು ಸಾಕು.

ಒಂದು ಪ್ರತಿ ನೆನೆದರೆ ಮೊದಲು ಯಾವ ಕಾಗದ ಎಂದು ನೋಡಿ. ಹಳೆಯ ಒರಟು ಕಾಗದವಾದರೆ ಪುಟಗಳ ನಡುವೆ ಅಚ್ಚಿಲ್ಲದ ಬಿಳಿ ಹಾಳೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸಬಹುದು. ಹೊಸ ಆವೃತ್ತಿಯ ಹೊಳಪು ಕಾಗದ ಒದ್ದೆಯಲ್ಲೇ ಬಿಡಿಸದಿದ್ದರೆ ಒಣಗುವಾಗ ಇಟ್ಟಿಗೆಯಂತೆ ಅಂಟಿಕೊಳ್ಳುತ್ತದೆ. ಆಗಲೇ ಬಿಡಿಸಲು ಪುರುಸೊತ್ತಿಲ್ಲವೇ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬಿಡುವಾದಾಗ ತೆಗೆದು ಒಂದೊಂದೇ ಪುಟ ಬಿಡಿಸಿ.

ನವರಾತ್ರಿಯ ಶಾರದಾಪೂಜೆಗೆ ಪುಸ್ತಕ ಹೊರಗೆ ತೆಗೆಯುವ ಪದ್ಧತಿ ಒಳ್ಳೆಯದೇ, ಆದರೆ ಆಗಿನ್ನೂ ಚಿತ್ತಾ, ಸ್ವಾತಿ ಮಳೆ ಬಾಕಿ ಇರುತ್ತದೆ. ಪೂಜೆಗೆ ಒಂದು ‘ಕೃಷ್ಣ’ ಇಟ್ಟರೆ ಸಾಕು. ಉಳಿದವನ್ನು ದೀಪಾವಳಿ ಕಳೆದ ಮೇಲೆ, ಕಡಲಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತಿನಲ್ಲಿ, ಜಗುಲಿಯ ನೆರಳಿಗೆ ಹರಡಿ. ಬಿಸಿಲಿಗೆ ಬೇಡ, ಕೆಂಪು ಮತ್ತು ಹಳದಿ ಬೇಗ ಮಾಸಿ ಕರ್ಣನ ಕವಚ ಬಣ್ಣಗೆಡುತ್ತದೆ. ಪ್ರತಿಯೊಂದನ್ನೂ ಬೆನ್ನು ಮೇಲಾಗಿ ಗುಡಾರದಂತೆ ನಿಲ್ಲಿಸಿ ಎರಡು ತಾಸು ಬಿಟ್ಟು, ಮೆತ್ತಗಿನ ಕುಂಚದಿಂದ ನಡುಪುಟದ ಧೂಳು ತೆಗೆದು, ಚಿತ್ರಕಾರರ ಹೆಸರಿನ ಕ್ರಮದಲ್ಲಿ ತಿರುಗಿ ಟ್ರಂಕಿಗಿಡಿ: ಕದಂ, ಮುಳಿಕ್, ಲಿಯೆನ್, ವೈರ್ಕರ್.